ಎಲುಬಿನ ಪುಡಿಯೂ ಐದು ಲೀಟರಿನ ಕ್ಯಾನೂ

ಅನ್ನವನ್ನು ಒಳಗೆ ಬರಮಾಡಿಕೊಳ್ಳಲು ಬಾಯಿಯನ್ನಿತ್ತ ಭಗವಂತನಿಗೆ ನಮಸ್ಕಾರ. ಒಳಬಂದದ್ದರಲ್ಲಿ ಬೇಕಾದುದನ್ನು ಆಯ್ದುಕೊಳ್ಳಲು ಕರುಳನ್ನಿತ್ತವನಿಗೆ ನಮಸ್ಕಾರ. ಬೇಡವಾದುದನ್ನು ಸದ್ದಿಲ್ಲದೆ ಹೊರಗೆ ಕಳುಹಿಸಲು ಎರಡು ಮೂತ್ರಪಿಂಡಗಳನ್ನಿತ್ತವನಿಗೆ ಒಂದು ನಮಸ್ಕಾರ ಹೆಚ್ಚಾಗಿಯೇ ಸಲ್ಲಲಿ, ಏಕೆಂದರೆ ಆ ಲೆಕ್ಕದಲ್ಲಿ ನಾನು ಬಹುಕಾಲ ಕೃತಘ್ನನಾಗಿದ್ದೆ.

ನಮ್ಮ ಹಿರಿಯರು ದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆಂದು ಕರೆದಿದ್ದಾರೆ. ಕಳಸದ ಬಳಿಯ ಪಾಠಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸ್ಕೃತ ಹೇಳಿಕೊಟ್ಟ ನಾನು ಆ ಪಟ್ಟಣದ ಮೇಲಿನ ಏಳು ಬಾಗಿಲುಗಳನ್ನು ಕುರಿತು ವಿಸ್ತಾರವಾಗಿ ಪ್ರವಚನ ಮಾಡಿದ್ದೇನೆ. ಕೆಳಗಿನ ಎರಡರ ಬಳಿ ಬಂದಾಗ ಮಾತ್ರ ಗಂಟಲು ಸರಿಪಡಿಸಿಕೊಂಡು ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆ. ಊಟಕ್ಕೆ ಮೊದಲು ಹೇಳಲು ನಮಗೆ ಮಂತ್ರವುಂಟು, ಊಟದ ನಂತರವೂ ಉಂಟು. ಉಂಡದ್ದು ಹೊರಟುಹೋಗುವಾಗ ಕೃತಜ್ಞತೆಯಿಂದ ಒಂದು ಮಾತನ್ನಾದರೂ ಹೇಳಬೇಕೆಂದು ನನಗೆ ತೋರಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ನನ್ನ ಹೆಂಡತಿಯ ಎಲುಬು.

ಅದು ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಗಳಾಗಿದ್ದ ಕಾಲ. ನಾನು ನಿವೃತ್ತನಾಗಿ ನಾಲ್ಕು ಎಕರೆ ಕಾಫಿಯ ನಡುವೆ ಪಾರಾಯಣ ಮಾಡಿಕೊಂಡಿದ್ದೆ. ನನ್ನಾಕೆಗೆ ಅರವತ್ತು ದಾಟಿತ್ತು. ಮಾಘದ ಒಂದು ಬೆಳಗ್ಗೆ ಕಣದಲ್ಲಿ ಹರವಿದ್ದ ಕಾಫಿ ಹಣ್ಣಿನ ಮೇಲೆ ಕಾಲಿಟ್ಟು ಜಾರಿದಳು. ಕೈಯೂರಿದಳು, ಮಣಿಕಟ್ಟು ಮುರಿಯಿತು. ಬಿದ್ದಲ್ಲಿಂದಲೇ ಅವಳು ಆಡಿದ ಮೊದಲ ಮಾತು ನನ್ನ ಕುರಿತಾಗಿತ್ತು: “ಅಲ್ಲಿ ನಿಂತು ಮೃತ್ಯುಂಜಯ ಜಪ ಮಾಡ್ಬೇಡಿ ಮಾರಾಯ್ರೇ, ಮೊದ್ಲು ಎತ್ತಿ!”

ಈಕೆಯ ವಿಷಯವಾಗಿ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಹಾಡೆಂಬುದೊಂದುಂಟು. ಗಂಡಿನ ಕಡೆಯವರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಮೀಸೆ, ಹೊಟ್ಟೆ, ಜಿಪುಣತನಗಳ ಮೇಲೆ ಹಾಡು ಕಟ್ಟಿ ಮಾನ ಕಳೆಯುವರು. ಬೈಸಿಕೊಂಡವರು ನಗಬೇಕು, ಇದು ನಿಯಮ. ಕಳಸದಿಂದ ಕೊಟ್ಟಿಗೆಹಾರದವರೆಗೆ ಆ ವಿದ್ಯೆಯಲ್ಲಿ ನನ್ನಾಕೆಗೆ ಸಮಾನರಿರಲಿಲ್ಲ. ಮೈಕಿಲ್ಲದೆ ಚಪ್ಪರದ ಕೊನೆಯವರೆಗೆ ಮುಟ್ಟುವ ಕಂಠ. ವೇದವನ್ನು ಸ್ವರಸಹಿತ ಕಲಿತ ನಾನು ಪ್ರಾರ್ಥನೆ ಹೇಳುವಾಗ ಮಾತನಾಡುತ್ತಿದ್ದ ಜನ ಅವಳು ಬಾಯಿ ತೆರೆದರೆ ಮೌನವಾಗುತ್ತಿದ್ದರು. ಇದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಅಷ್ಟೇ ಪ್ರಮಾಣದ ಹೊಟ್ಟೆಕಿಚ್ಚೂ ಇತ್ತು.

ಚಿಕ್ಕಮಗಳೂರಿನಲ್ಲಿ ಎಲುಬಿನ ವೈದ್ಯರೊಬ್ಬರಿದ್ದರು. ಕಾಫಿ ತೋಟದ ಮನೆಯಲ್ಲಿ ಹುಟ್ಟಿದವರಾದ್ದರಿಂದ ನಮ್ಮ ಭಾಷೆಯಲ್ಲಿಯೇ ರೋಗವನ್ನು ವಿವರಿಸುತ್ತಿದ್ದರು. ಕೈಗೆ ಪಟ್ಟಿ ಹಾಕಿ, ಎಲುಬಿನ ಗಟ್ಟಿತನವನ್ನು ಯಂತ್ರದಲ್ಲಿ ಅಳೆಸಿ, ಕಾಗದ ನೋಡುತ್ತ ಹೇಳಿದರು: “ಅಮ್ಮಾ, ಕಾಯಿಕೊರಕ ಹೊಕ್ಕ ಕಾಫಿ ಬೀಜ ನೋಡಿದ್ದೀರಲ್ಲ? ಹೊರಗಿಂದ ಚಂದ, ಹಿಸುಕಿದ್ರೆ ಪುಡಿ. ನಿಮ್ಮ ಎಲುಬು ಈಗ ಹಾಗಾಗಿದೆ. ಇನ್ನೊಂದ್ಸಲ ಬಿದ್ರೆ ಸೊಂಟ ಹೋಗ್ತದೆ.”

“ಅದಕ್ಕೆಂತ ಮಾಡ್ತೀರಿ? ತೋಟಕ್ಕೆ ಹೊಡೆದ ಹಾಗೆ ನನಗೂ ಮದ್ದು ಹೊಡೀತೀರಾ?” ಎಂದಳು.

ವೈದ್ಯರು ನಕ್ಕು ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟರು. ಅದರಲ್ಲಿದ್ದದ್ದು ಸ್ಟ್ರಾನ್ಷಿಯಂ ಎಂಬ ಧಾತು. ನಾನು ಅದರ ಹೆಸರನ್ನೇ ಕೇಳಿರಲಿಲ್ಲ. ಅದು ಕ್ಯಾಲ್ಸಿಯಮ್ಮಿನ ದಾಯಾದಿಯಂತೆ. ಮುಖಚರ್ಯೆ ಎಷ್ಟು ಹೋಲುತ್ತದೆಂದರೆ ಎಲುಬು ಅದನ್ನು ಕ್ಯಾಲ್ಸಿಯಮ್ಮೆಂದೇ ತಿಳಿದು ಒಳಗೆ ಕೂರಿಸಿಕೊಳ್ಳುತ್ತದೆ. ಆದರೆ ಎಲುಬಿನವರೆಗೆ ತಲುಪುವುದೇ ಕಷ್ಟ.

“ಮೇಷ್ಟ್ರೇ, ನಿಮಗೆ ಸಮಾರಾಧನೆ ಊಟ ಗೊತ್ತುಂಟಲ್ಲ,” ಎಂದರು ವೈದ್ಯರು. “ಕರುಳಿನ ಬಾಗಿಲು ಇಬ್ಬರಿಗೂ ಒಂದೇ. ಕ್ಯಾಲ್ಸಿಯಂ ಅಂದ್ರೆ ಊರಿನ ಪುರೋಹಿತರು. ಸ್ಟ್ರಾನ್ಷಿಯಂ ದೂರದ ನೆಂಟ. ಒಟ್ಟಿಗೆ ಬಂದ್ರೆ ಪುರೋಹಿತರು ಮೊದಲ ಪಂಕ್ತಿಗೆ ಕೂರ್ತಾರೆ. ನೆಂಟ ಕಂಬಕ್ಕೆ ಒರಗಿ ನಿಂತು ನಿಂತು, ಎಲೆ ಸಿಗದೆ, ಹಿಂದಿನ ಬಾಗಿಲಿಂದ ಹೊರಗೆ ಹೋಗ್ತಾನೆ.”

“ಪಾಪ,” ಎಂದಳು ನನ್ನಾಕೆ, ನನ್ನ ಕಡೆ ನೋಡಿ.

“ಹಾಗಾಗಿ ಪುರೋಹಿತರು ಇಲ್ಲದ ಹೊತ್ತು ನೋಡಿ ನೆಂಟನನ್ನ ಕಳಿಸ್ಬೇಕು. ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು, ಬರೀ ನೀರಲ್ಲಿ. ಆಮೇಲೆ ಹಾಲಿಲ್ಲ, ಮಜ್ಜಿಗೆ ಇಲ್ಲ.”

“ಕವಳ?” ಎಂದಳು. ಎಲೆ, ಅಡಿಕೆ, ಸುಣ್ಣ ಸೇರಿದ ಕವಳವಿಲ್ಲದೆ ಅವಳ ಊಟ ಊಟವಾಗುತ್ತಿರಲಿಲ್ಲ. ತನ್ನ ಕಂಠ ನಿಂತಿರುವುದೇ ಅದರ ಮೇಲೆಂದು ಅವಳ ನಂಬಿಕೆ.

“ಸುಣ್ಣ ಅಂದ್ರೆ ಕ್ಯಾಲ್ಸಿಯಮ್ಮೇ ಅಲ್ವಾ ಅಮ್ಮಾ. ರಾತ್ರಿ ಕವಳ ಬಿಡಿ. ಹಗಲು ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ, ಅದು ಬೇರೆ ಡಾಕ್ಟ್ರ ತಲೆನೋವು.”

ಪಂಕ್ತಿಭೇದ ಮಹಾಪಾಪವೆಂದು ಬರೆದವರ ಹೊಟ್ಟೆಯೊಳಗೇ ಅದು ಹಗಲಿರುಳು ನಡೆಯುತ್ತಿದೆಯೆಂದು ನನಗೆ ತಿಳಿದದ್ದು ಅಂದು. ಅದರಲ್ಲಿಯೂ ನಾವು ಉಂಡ ಕ್ಯಾಲ್ಸಿಯಂ ಎಲ್ಲ ಒಳಗೆ ಹೋಗುವುದಿಲ್ಲವಂತೆ. ಮುಕ್ಕಾಲಿಗೆ ಸಮೀಪದ ಪಾಲು ಕರುಳಿನಲ್ಲಿಯೇ ಉಳಿದು ಮಲದೊಡನೆ ಹೊರಟುಹೋಗುತ್ತದೆ. ವಯಸ್ಸಾದಂತೆ ಕರುಳು ಇನ್ನೂ ಸೋಮಾರಿಯಾಗುತ್ತದೆ. ಇಷ್ಟು ವರ್ಷ ನಾನು ಭಕ್ತಿಯಿಂದ ಸೇವಿಸಿದ ಪಂಚಾಮೃತದ ಬಹುಪಾಲು ತೋಟದ ಆಚೆ ತುದಿಯಲ್ಲಿ ಭೂಮಾತೆಗೆ ಸಮರ್ಪಿತವಾಗಿತ್ತೆಂಬ ಅರಿವು ವೈರಾಗ್ಯಕ್ಕೆ ಒಳ್ಳೆಯ ದಾರಿ.

ಎಂಟೂವರೆಗೆ ಮಲಗುತ್ತಿದ್ದವಳು ಪುಡಿಗಾಗಿ ಹತ್ತೂವರೆಯವರೆಗೆ ಎಚ್ಚರವಿರಬೇಕಾಯಿತು. ಆ ಎರಡು ಗಂಟೆಗಳನ್ನು ಅವಳು ವ್ಯರ್ಥ ಮಾಡಲಿಲ್ಲ. ನನ್ನ ಮೇಲೆ ಹಾಡು ಕಟ್ಟಿದಳು.

ಮಣಿಕಟ್ಟು ಕೂಡಿತು, ವರ್ಷ ತಿರುಗಿತು. ವೈಶಾಖದಲ್ಲಿ ಮತ್ತೆ ತೋರಿಸಲು ಹೋದಾಗ ವೈದ್ಯರು ಇನ್ನೊಂದು ಪರೀಕ್ಷೆ ಬೇಕೆಂದರು. ಒಳಗೆ ಹೋದದ್ದರ ಮಾತು ಹಾಗಿರಲಿ, ಹೊರಗೆ ಎಷ್ಟು ಹೋಗುತ್ತಿದೆ ನೋಡಬೇಕು. “ಮೂತ್ರಪಿಂಡ ಅಂದ್ರೆ ಕಣದಲ್ಲಿ ಬೀಜ ಆರಿಸೋ ಹೆಂಗಸರ ಸಾಲು ಇದ್ದ ಹಾಗೆ. ರಕ್ತ ಎಲ್ಲ ಅವರ ಕೈ ಮೇಲೆ ಹಾದು ಹೋಗ್ಬೇಕು. ಕ್ಯಾಲ್ಸಿಯಂ ಕಂಡ್ರೆ ತಕ್ಷಣ ಹೆಕ್ಕಿ ವಾಪಸ್ ಚೀಲಕ್ಕೆ ಹಾಕ್ತಾರೆ, ಒಂದೋ ಎರಡೋ ಕಾಳು ಜಾರಿ ಹೋಗ್ತದೆ ಅಷ್ಟೆ. ಸ್ಟ್ರಾನ್ಷಿಯಂ ಬಗ್ಗೆ ಅಷ್ಟು ಮುತುವರ್ಜಿ ಇಲ್ಲ, ಜಾಸ್ತಿ ಬಿಟ್ಟುಬಿಡ್ತಾರೆ. ಆದ್ರೆ ಕ್ಯಾಲ್ಸಿಯಮ್ಮೇ ಸೋರ್ತಾ ಇದ್ರೆ ನಾವು ಮೇಲಿಂದ ಎಷ್ಟು ಸುರಿದ್ರೂ ಅಷ್ಟೆ.” ಅದಕ್ಕಾಗಿ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಹನಿ ಬಿಡದೆ ಸಂಗ್ರಹಿಸಿ ತರಬೇಕು. ಜೊತೆಗೆ ರಕ್ತವನ್ನೂ ಕೊಡಬೇಕು.

ಪ್ರಯೋಗಾಲಯದ ಹುಡುಗಿ ಒಂದು ದೊಡ್ಡ ಕ್ಯಾನನ್ನೂ ಕಂದು ಬಣ್ಣದ ಸಣ್ಣ ಸೀಸೆಯನ್ನೂ ಕೊಟ್ಟಳು. ಸೀಸೆಯಲ್ಲಿ ಆಸಿಡ್ ಇತ್ತು. ಬಸ್ಸಿನಲ್ಲಿ ಚೆಲ್ಲಬಾರದೆಂದು ಬೇರೆಯಾಗಿ ಕೊಟ್ಟಿದ್ದಳು, ಮನೆಗೆ ಹೋಗಿ ಮೊದಲು ಅದನ್ನು ಕ್ಯಾನಿಗೆ ಸುರಿಯಬೇಕು. ಮನೆಗೆ ಬಂದು ಚೀಲದಿಂದ ಕ್ಯಾನನ್ನು ತೆಗೆದಾಗ ಅದರ ಬದಿಯಲ್ಲಿ ಹಳೆಯ ಅಂಟುಪಟ್ಟಿಯೊಂದು ಕಾಣಿಸಿತು. ಮೇಲೆ ಯಾರದೋ ಹೆಸರು.

“ಯಾರೋ ಹುಯ್ದ ಕ್ಯಾನಿಗೆ ನಾನು ಹುಯ್ಯೋದಾ? ಗಂಡಸಿನ ಹೆಸರು ಬೇರೆ! ನನ್ನಿಂದ ಆಗುದಿಲ್ಲ,” ಎಂದು ಅವಳು ಅದನ್ನು ಬಚ್ಚಲಿನಾಚೆ ಎಸೆದಳು.

ಶುದ್ಧಿಯ ವಿಷಯ ಬಂದಮೇಲೆ ತೀರ್ಪು ಕೊಡಬೇಕಾದವನು ನಾನೇ. ತೋಟದ ಸಾಮಾನಿಡುವ ಕೊಟ್ಟಿಗೆಯಲ್ಲಿ ಐದು ಲೀಟರಿನ ಮೂರು ಕ್ಯಾನುಗಳಿದ್ದವು. ಒಂದರ ಮೇಲೆ ತಲೆಬುರುಡೆಯ ಚಿತ್ರ, ಅದು ಕೀಟನಾಶಕದ್ದು. ಇನ್ನೊಂದರ ಒಳಗೆಲ್ಲ ನೀಲಿ, ಅದು ಮೈಲುತುತ್ತದ್ದು. ಮೂರನೆಯದು ಒಳಗೆ ಹಾಲಿನಂತೆ ಬೆಳ್ಳಗಿತ್ತು. ಮಳೆಗಾಲಕ್ಕೆ ಮೊದಲು ಕಾಫಿ, ಮೆಣಸುಗಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತವೂ ಸುಣ್ಣವೂ ಬೇಕು. ಸುಣ್ಣದ ನೀರು ಹೊರುತ್ತಿದ್ದ ಕ್ಯಾನು ಅದು. ಸುಣ್ಣ ಪವಿತ್ರ ವಸ್ತು. ಗೋಡೆಗೆ ಬಳಿದರೆ ಗೋಡೆ ಶುದ್ಧ, ಬಾಯಿಗೆ ಹಾಕಿದರೆ ಬಾಯಿ ಶುದ್ಧ. ವಿಷವನ್ನೂ ತುತ್ತವನ್ನೂ ಬಿಟ್ಟು ಸುಣ್ಣವನ್ನು ಆರಿಸಿದ ನನ್ನ ವಿವೇಕಕ್ಕೆ ನಾನೇ ಮೆಚ್ಚಿದೆ. ಮೂರು ಬಾರಿ ನೀರು ಹಾಕಿ ಕುಲುಕಿ ಚೆಲ್ಲಿದೆ. ಮೂರನೆಯ ಬಾರಿ ಏಳು ನದಿಗಳನ್ನೂ ಸ್ಮರಿಸಿದೆ. ಅನಂತರ ಸೀಸೆಯ ಆಸಿಡ್ಡನ್ನು ಸುರಿದಾಗ ಒಳಗಿನಿಂದ ಬುಸ್ಸೆಂದು ನೊರೆಯುಕ್ಕಿತು. ಔಷಧಿಯ ತೇಜಸ್ಸೆಂದು ಭಾವಿಸಿ ಕೈಮುಗಿದೆ.

ಎಂಥ ದಡ್ಡತನ ಇದೆಂದು ಈಗ ಹತ್ತನೆಯ ತರಗತಿಯ ಮಕ್ಕಳೂ ಹೇಳಬಲ್ಲರು. ನಾನು ಓದಿದ ಶಾಸ್ತ್ರಗಳಲ್ಲಿ ಮಾತ್ರ ಈ ಪ್ರಕರಣ ಬರುವುದಿಲ್ಲ.

ಮರುದಿನ ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಸಂಗ್ರಹ ಆರಂಭವಾಯಿತು. ಚೊಂಬಿನಿಂದ ಕ್ಯಾನಿಗೆ ಸುರಿಯುವ ಸೇವೆ ನನ್ನ ಪಾಲಿಗೆ ಬಂತು, ಏಕೆಂದರೆ ಅವಳ ಮಣಿಕಟ್ಟಿಗೆ ಕ್ಯಾನೆತ್ತುವಷ್ಟು ಬಲವಿರಲಿಲ್ಲ. ಮೂತ್ರವಿಸರ್ಜನೆಯ ಕಾಲದಲ್ಲಿ ಜನಿವಾರವನ್ನು ಕಿವಿಗೆ ಸುತ್ತಿಕೊಳ್ಳಬೇಕು. ಪರರ ಮೂತ್ರವನ್ನು ಸುರಿಯುವಾಗ ಸುತ್ತಿಕೊಳ್ಳಬೇಕೋ ಬೇಡವೋ? ಪತ್ನಿಯು ಅರ್ಧಾಂಗಿಯಾದ್ದರಿಂದ ಪೂರ್ತಿ ಪರಕೀಯವೆನ್ನುವಂತಿಲ್ಲ. ಕಡೆಗೆ ಒಂದೇ ಸುತ್ತು ಸಾಕೆಂದು ನಿರ್ಣಯಿಸಿದೆ.

“ಕಿವಿಗೆ ಎಂತಕ್ಕೆ ಸುತ್ತಿದ್ದೀರಿ? ನಿಮಗೂ ಬಂತಾ?” ಎಂದು ಬಾಗಿಲಿನಲ್ಲಿ ನಿಂತವಳು ಕೇಳಿದಳು. “ಅದಕ್ಕೇ ಹಾಕಿಬಿಡಬೇಡಿ ಮತ್ತೆ. ಡಾಕ್ಟ್ರಿಗೆ ಸಂಸ್ಕೃತ ಕಾಣಿಸ್ಕೊಂಡೀತು.”

ಮಧ್ಯಾಹ್ನ ನೆರೆಮನೆಯಲ್ಲಿ ಅರಿಶಿನ ಕುಂಕುಮವಿತ್ತು. ಹೋದವಳು ಅರ್ಧ ಗಂಟೆಯಲ್ಲಿ ಗದ್ದೆಯ ಅಂಚಿನ ಮೇಲೆ ಓಡೋಡಿ ಬಂದಳು. ಬೀಳುತ್ತಾಳೆಂದು ನಾನು ಕೂಗಿದರೆ, “ದಾರಿ ಬಿಡಿ ಮಾರಾಯ್ರೇ, ನಿಮ್ಮ ಕ್ಯಾನಿಗೆ ಬಂದದ್ದು!” ಎಂದು ಬಚ್ಚಲು ಹೊಕ್ಕಳು.

ಮೂರನೆಯ ದಿನ ಬೆಳಗಿನ ಬಸ್ಸಿನಲ್ಲಿ ಕ್ಯಾನನ್ನು ಬಟ್ಟೆಯ ಚೀಲದಲ್ಲಿಟ್ಟು ಎರಡು ಪಾದಗಳ ನಡುವೆ ಹಿಡಿದು ಕುಳಿತೆ. ಪಕ್ಕದಲ್ಲಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಕುಳಿತಿದ್ದರು, ಪರಿಚಯದವರೇ. ನಾನು ಹಿಡಿದ ಜೋಪಾನವನ್ನು ಅವರು ಗಮನಿಸಿದರು.

“ಎಂತ ಮೇಷ್ಟ್ರೇ, ಜೇನಾ?”

“ಅಲ್ಲ.”

“ಮತ್ತೆ ತುಪ್ಪವಾ?”

“ಅಲ್ಲ. ಮನೆಯದ್ದೇ ಒಂದು ಪದಾರ್ಥ,” ಎಂದೆ. ಸುಳ್ಳಾಡಬಾರದಲ್ಲ.

“ಮನೆಯದ್ದು ಅಂದ್ರೆ ಅಮ್ಮನೇ ಮಾಡಿದ್ದು ಅನ್ನಿ! ಹಾಗಾದ್ರೆ ಶುದ್ಧ ಇರ್ತದೆ. ಮುಂದಿನ ಸಲ ನಮಗೂ ಒಂದು ಸೀಸೆ ಕೊಡಿ ಮಾರಾಯ್ರೇ.”

ಮುಂದಿನ ಸೀಟಿನಲ್ಲಿ ಕುಳಿತಿದ್ದ ನನ್ನಾಕೆ ಸೆರಗನ್ನು ಬಾಯಿಗೆ ತುಂಬಿಕೊಂಡಳು. ಮೂಡಿಗೆರೆ ಬರುವವರೆಗೂ ಅವಳ ಬೆನ್ನು ಅಲುಗುತ್ತಲೇ ಇತ್ತು.

ಪ್ರಯೋಗಾಲಯದ ಹುಡುಗಿ ಬೇರೆ ಕ್ಯಾನನ್ನು ಕಂಡು ಹುಬ್ಬೇರಿಸಿದಳು. “ಚೆನ್ನಾಗಿ ತೊಳೆದದ್ದಾ?” ಎಂದಳು. “ಮೂರು ಸಲ,” ಎಂದೆ. ನನ್ನ ಜುಟ್ಟು, ಶಲ್ಯಗಳನ್ನು ನೋಡಿ ಅವಳು ನಂಬಿದಳು. ಅಳೆದು, ಸ್ವಲ್ಪ ತೆಗೆದುಕೊಂಡು, ಉಳಿದುದನ್ನು ಚೆಲ್ಲಿ, ಕ್ಯಾನನ್ನು ಹಿಂದಕ್ಕೆ ಕೊಟ್ಟಳು. ಮನೆಗೆ ತಂದು ಬಚ್ಚಲಿನ ಹಿಂದೆ ಬಿಸಾಡಿದೆ.

ವಾರದ ನಂತರ ಹೋದಾಗ ವೈದ್ಯರು ನಗಲಿಲ್ಲ. ಮೂತ್ರದಲ್ಲಿ ಇರಬೇಕಾದುದಕ್ಕಿಂತ ಐದಾರು ಪಟ್ಟು ಕ್ಯಾಲ್ಸಿಯಂ ಇತ್ತು. ರಕ್ತದಲ್ಲಿಯೂ ಅದು ಮೇಲಿನ ಗೆರೆಯನ್ನು ಮುಟ್ಟಿ ನಿಂತಿತ್ತು. ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆಯಂತೆ. ಅವುಗಳಲ್ಲಿ ಒಂದು ಕೆಟ್ಟರೆ ಎಲುಬಿನಿಂದ ಸುಣ್ಣವನ್ನು ಸೆಳೆದು ರಕ್ತಕ್ಕೆ ಬಿಡುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ದಬ್ಬುತ್ತದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಕೆಟ್ಟದ್ದನ್ನು ಕೊಯ್ದು ತೆಗೆಯಬೇಕಾಗಬಹುದು. ಅಲ್ಲಿಯವರೆಗೆ ಪುಡಿಯೂ ಬೇಡ.

“ಕುತ್ತಿಗೆಯಲ್ಲಿ ಕೊಯ್ದರೆ ಸ್ವರ?” ಎಂದಳು.

ವೈದ್ಯರು ಪ್ರಾಮಾಣಿಕರು. “ಸ್ವರದ ನರ ಅಲ್ಲೇ ಪಕ್ಕದಲ್ಲಿ ಹೋಗ್ತದೆ ಅಮ್ಮಾ. ಹೆಚ್ಚಿನವರಿಗೆ ಏನೂ ಆಗುದಿಲ್ಲ. ಕೆಲವರಿಗೆ ಗೊಗ್ಗರಾಗಿಬಿಡ್ತದೆ.”

ಅವಳು ಮತ್ತೇನನ್ನೂ ಕೇಳಲಿಲ್ಲ. ಬಸ್ಸಿನಲ್ಲಿಯೂ ಮಾತಿಲ್ಲ. ನಲವತ್ತು ವರ್ಷಗಳ ದಾಂಪತ್ಯದಲ್ಲಿ ನಾನು ಬಯಸಿ ಬಯಸಿ ಪಡೆಯಲಾಗದ ಮೌನ ಅದು. ಸಿಕ್ಕಿದಾಗ ಅದು ನನಗೆ ಬೇಡವಾಗಿತ್ತು.

ಮರುದಿನ ಅವಳು ನೆರೆಮನೆಯ ಸೊಸೆಯನ್ನು ಕರೆಸಿ ನೋಟುಬುಕ್ಕು ಕೊಟ್ಟು ಕೂರಿಸಿದಳು. ಬೀಗರ ಹಾಡನ್ನು ಬರೆದಿಟ್ಟರೆ ಅದು ಸತ್ತಹಾಗೆಂದು ವಾದಿಸುತ್ತಿದ್ದವಳು ಒಂದೊಂದೇ ಹಾಡನ್ನು ಹೇಳಿ ಬರೆಸತೊಡಗಿದಳು. ಆ ಹುಡುಗಿ ಬರೆಯುತ್ತ ನಗುತ್ತಿದ್ದಳು, ಇವಳು ನಗುತ್ತಿರಲಿಲ್ಲ. ಆಷಾಢಕ್ಕೆ ಮೊದಲು ಮೂಡಿಗೆರೆಯಲ್ಲಿ ನನ್ನ ತಮ್ಮನ ಮಗಳ ಮದುವೆಯಿತ್ತು. “ಈ ಸಲ ನೀನೇ ಹಾಡು, ನನ್ನ ಧ್ವನಿ ಇದ್ದರೆ ಪಕ್ಕದಲ್ಲಿ ಕೂರ್ತೇನೆ,” ಎಂದು ಅವಳಿಗೆ ಹೇಳುವುದನ್ನು ನಾನು ಪೂಜೆಯ ಕೋಣೆಯಿಂದ ಕೇಳಿದೆ. ಸಹಸ್ರನಾಮದ ನಡುವೆ ದಾರಿ ತಪ್ಪಿ ಮತ್ತೆ ಮೊದಲಿನಿಂದ ಹೇಳಿದೆ.

ಮಂಗಳೂರಿಗೆ ಹೊರಡುವ ಮುನ್ನಾದಿನ ತೋಟಕ್ಕೆ ಮದ್ದು ಹೊಡೆಯುವಾತ ಬಂದ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡಿದವನು, ಬೋರ್ಡೋ ಕದಡುವುದರಲ್ಲಿ ಪಂಡಿತ.

“ಅಯ್ಯಾ, ನನ್ನ ಸುಣ್ಣದ ಕ್ಯಾನ್ ಕಾಣುದಿಲ್ಲ. ನೀವೇನಾದ್ರೂ ನೋಡಿದ್ರಾ?”

ಬಚ್ಚಲಿನ ಹಿಂದೆ ಇದೆಯೆಂದೆ. ತಂದು ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಮತ್ತೊಮ್ಮೆ ನೋಡಿದ.

“ಇದಕ್ಕೆ ಎಂತ ಹಾಕಿದ್ರಿ ಅಯ್ಯಾ? ಕೆಳಗೆ ಅರ್ಧ ಹೊಸದರ ಹಾಗಾಗಿದೆ, ಮೇಲೆ ಅರ್ಧ ಹಾಗೇ ಬೆಳ್ಳಗಿದೆ. ಮೂರು ವರ್ಷದ ಸುಣ್ಣ, ಕಲ್ಲಾಗಿ ಕೂತಿತ್ತು!”

“ನೀರಲ್ಲಿ ತೊಳೆದೆ,” ಎಂದೆ.

“ನೀರಿಗೆ ಅದೆಲ್ಲಿ ಬಿಡ್ತದೆ? ಹುಳಿ ಬೀಳ್ಬೇಕು. ಹುಳಿ ಬಿದ್ರೆ ಬುಸ್ ಅಂತ ಕರಗಿ ನೀರಾಗಿ ಹೋಗ್ತದೆ. ಒಳ್ಳೆ ಮದ್ದು ಸಿಕ್ಕಿದೆ ನಿಮಗೆ. ನಮಗೂ ಹೇಳಿ, ಇನ್ನೂ ನಾಲ್ಕು ಡ್ರಮ್ ತೊಳೆಯೋದುಂಟು.”

ಕರಗಿದ ಸುಣ್ಣ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಅದು ಚಿಕ್ಕಮಗಳೂರಿಗೆ ಹೋಗಿ, ಯಂತ್ರದೊಳಗೆ ಹೊಕ್ಕು, ನನ್ನ ಹೆಂಡತಿಯ ಹೆಸರಿನಲ್ಲಿ ಕಾಗದದ ಮೇಲೆ ಬಂದು ಕುಳಿತಿತ್ತು.

ತಕ್ಷಣ ಒಳಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಊರಿಗೆಲ್ಲ ಶುದ್ಧಾಶುದ್ಧಗಳ ನಿರ್ಣಯ ಹೇಳಿಕೊಟ್ಟವನು ಒಂದು ಕ್ಯಾನನ್ನು ತೊಳೆಯಲಾರದೆ ಹೋದನೆಂದು ಒಪ್ಪಿಕೊಳ್ಳಬೇಕಲ್ಲ. ಮಂಗಳೂರಿನ ವೈದ್ಯರು ಹೇಗೂ ಇನ್ನೊಮ್ಮೆ ಪರೀಕ್ಷೆ ಮಾಡಿಯಾರು, ಸತ್ಯ ತಾನಾಗಿ ಹೊರಬಂದೀತು, ನನ್ನ ಹೆಸರು ಬಾರದೆ ಮುಗಿದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಮಾಡದೇ ಹೋದರೆ? ಆ ಪ್ರಶ್ನೆಯನ್ನು ಅಷ್ಟೋತ್ತರ ಹೇಳಿ ಮುಚ್ಚಿದೆ.

ಬಸ್ಸು ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತಿತು. ಮುಂದೆ ಚಾರ್ಮಾಡಿಯ ಇಳಿಜಾರು. ಹೋಟೆಲಿನಲ್ಲಿ ನೀರುದೋಸೆ ಹೇಳಿದೆವು. ಅವಳು ಒಂದು ತುಂಡನ್ನು ಮುರಿದು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಅಲ್ಲ, ಗೊಗ್ಗರಾದ್ರೆ ಪರವಾಗಿಲ್ಲ. ಪೂರಾ ಹೋಗಿಬಿಟ್ರೆ ನಿಮ್ಮನ್ನ ಬೈಯೋದು ಹೇಗೆ? ಕೈಸನ್ನೆ ಮಾಡೋದಾ?”

ಅವಳು ನಗಿಸಲು ಹೇಳಿದ ಮಾತು. ಕೈಯಲ್ಲಿದ್ದ ತುಂಡು ಮಾತ್ರ ಬಾಯಿಗೆ ಹೋಗಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಮೂರು ಕ್ಯಾನು, ಬಿಳಿ ಸುಣ್ಣ, ನೊರೆ, ಕೈಮುಗಿದದ್ದು, ನಿನ್ನೆ ತೋಟದವನು ಬಿಸಿಲಿಗೆ ಹಿಡಿದು ನೋಡಿದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ, ಚಟ್ನಿಯನ್ನು ನೋಡಿದೆ.

“ನಿನ್ನೆ ಗೊತ್ತಾಯ್ತಾ?” ಎಂದಳು.

“ಹೌದು.”

“ನಿನ್ನೆ ಗೊತ್ತಾಗಿ ಇವತ್ತು ಬಸ್ ಹತ್ತಿಸಿದ್ರಾ? ಒಂದು ಕ್ಯಾನಿನ ಮರ್ಯಾದೆಗೆ ನನ್ನ ಕುತ್ತಿಗೆ ಕೊಯ್ಸೋಕೆ ಹೊರಟಿದ್ರಾ?”

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವಳು ಕೈಯಲ್ಲಿದ್ದ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಅನಂತರ ಮಾಣಿಯನ್ನು ಕರೆದು, “ಇನ್ನೆರಡು ದೋಸೆ ತಾರಪ್ಪ. ಬಿಸಿ ಇರ್ಲಿ,” ಎಂದಳು.

ಹೊರಗೆ ಕಂಡಕ್ಟರ್ ಸೀಟಿ ಊದಿದ. “ಅಜ್ಜ, ಬನ್ನಿ, ಬಸ್ ಹೊರಡ್ತದೆ!”

“ಹೋಗ್ಲಿ ಬಿಡು ಮಾರಾಯ,” ಎಂದು ಒಳಗಿನಿಂದಲೇ ಕೂಗಿದಳು. “ನಮ್ಮ ಚೀಲ ಇಳಿಸಿ ಹೋಗು. ನಮಗೆ ಚಿಕ್ಕಮಗಳೂರಿಗೆ!” ಆ ಕೂಗು ರಸ್ತೆಯಾಚೆಯ ಅಂಗಡಿಗಳವರೆಗೂ ಹೋಯಿತು.

ಚಿಕ್ಕಮಗಳೂರಿನ ವೈದ್ಯರು ನನ್ನ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೊದಲು ತಮ್ಮನ್ನೇ ಬೈದುಕೊಂಡರು. “ಇಷ್ಟು ಬಂದಾಗ ನಾನೇ ಇನ್ನೊಂದ್ಸಲ ಮಾಡಿಸ್ಬೇಕಿತ್ತು. ಆದ್ರೆ ಮೇಷ್ಟ್ರೇ, ಹೆಂಡತಿ ಉಚ್ಚೆಗೆ ಬೋರ್ಡೋ ಬೆರೆಸಿ ತರೋರು ಇದ್ದಾರೆ ಅಂತ ನಮಗೆ ಕಾಲೇಜಲ್ಲಿ ಹೇಳಿರ್ಲಿಲ್ಲ.”

“ಬರೀ ಸುಣ್ಣ,” ಎಂದಳು ನನ್ನಾಕೆ. “ಮೈಲುತುತ್ತ ಬೆರೆಸೋಕೆ ಮರೆತಿದ್ರು.”

ಹೊಸ ಕ್ಯಾನು ಬಂತು, ಮೊಹರು ಒಡೆಯದ್ದು. ಮತ್ತೊಂದು ಹಗಲು, ಮತ್ತೊಂದು ರಾತ್ರಿ. ಈ ಸಲ ಚೊಂಬು ಹಿಡಿದವನಿಗೆ ಜನಿವಾರದ ಜಿಜ್ಞಾಸೆ ಏಳಲಿಲ್ಲ. ರಕ್ತವನ್ನೂ ಮತ್ತೆ ಕೊಟ್ಟು ಬಂದೆವು. ಫಲಿತಾಂಶ ಬರುವವರೆಗಿನ ನಾಲ್ಕು ದಿನ ಬೆಳಗ್ಗೆ ದೇವಸ್ಥಾನದ ಮೆಟ್ಟಿಲು ಹತ್ತಿ ಪ್ರದಕ್ಷಿಣೆ ಹಾಕಿದೆ. ಕ್ಯಾನಿನಲ್ಲಿದ್ದದ್ದು ಸುಣ್ಣವೇ ಇರಬಹುದು, ಆದರೆ ರಕ್ತದ ಕಾಗದಕ್ಕೆ ಯಾರೂ ಸುಣ್ಣ ಬೆರೆಸಿರಲಿಲ್ಲವಲ್ಲ. ಆ ಭಯ ಇನ್ನೂ ಇತ್ತು. ಪತ್ನಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರಲೆಂದು ಈಶ್ವರನ ಮುಂದೆ ನಿಂತು ಬೇಡಿಕೊಂಡ ಸಂಸ್ಕೃತದವನು ನನಗಿಂತ ಮೊದಲು ಯಾರಾದರೂ ಇದ್ದರೋ ಕಾಣೆ. ಸಂಕಲ್ಪದಲ್ಲಿ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಕನ್ನಡದಲ್ಲಿಯೇ ಹೇಳಿದೆ.

ರಕ್ತ ಸರಿಯಾಗಿತ್ತು. ಮೊದಲ ಸಲವೂ ಗೆರೆಯನ್ನು ಮುಟ್ಟಿತ್ತೇ ಹೊರತು ದಾಟಿರಲಿಲ್ಲವಂತೆ. ಮೂತ್ರದಲ್ಲಿ ಕ್ಯಾಲ್ಸಿಯಂ ಇರಬೇಕಾದಷ್ಟೇ ಇತ್ತು, ಒಂದು ಗುಲಗಂಜಿ ಕಡಿಮೆಯೇ. “ಒಳ್ಳೆ ಮೂತ್ರಪಿಂಡ ಅಮ್ಮಾ ನಿಮ್ಮದು, ಒಂದು ಕಾಳು ಬಿಡುದಿಲ್ಲ,” ಎಂದರು ವೈದ್ಯರು. ಕುತ್ತಿಗೆಯನ್ನು ಯಾರೂ ಮುಟ್ಟಬೇಕಿಲ್ಲವೆಂದರು. ಅವಳು ಎದ್ದು ನಿಂತು ಅವರಿಗೆ ಕೈಮುಗಿದು, ಅಲ್ಲಿಯೇ, ಹೊರಗೆ ಸರತಿಯಲ್ಲಿ ಕಾಯುತ್ತಿದ್ದ ಮುರಿದ ಕೈಕಾಲುಗಳವರಿಗೆಲ್ಲ ಕೇಳುವಂತೆ, ಒಂದು ಮಂಗಳಾರತಿಯ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ. ಕಣ್ಣು ಮಂಜಾಗಿದ್ದರಿಂದ ಏನೂ ಕಾಣಿಸಲಿಲ್ಲ.

ಪುಡಿ ಮತ್ತೆ ಶುರುವಾಗಿ ಐದಾರು ವರ್ಷ ನಡೆಯಿತು. ಅನಂತರ ಅದು ಕೆಲವರ ಹೃದಯಕ್ಕೆ ಒಗ್ಗುವುದಿಲ್ಲವೆಂದು ವೈದ್ಯರೇ ಬರೆದುಕೊಡುವುದನ್ನು ಬಿಟ್ಟರು. ಅಷ್ಟರಲ್ಲಿ ಎಲುಬಿನೊಳಗೆ ಹೋಗಿ ಕುಳಿತ ಸ್ಟ್ರಾನ್ಷಿಯಂ ಸುಲಭವಾಗಿ ಏಳುವುದಿಲ್ಲವಂತೆ, ವರ್ಷಾನುಗಟ್ಟಲೆ ಅಲ್ಲಿಯೇ ಇದ್ದು ಸ್ವಲ್ಪ ಸ್ವಲ್ಪವಾಗಿ ಹೊರಡುತ್ತದೆಯಂತೆ. ಕೊನೆಗೂ ಎಲೆ ಸಿಕ್ಕ ನೆಂಟ ಬೇಗ ಏಳುವುದಾದರೂ ಏಕೆ? ಅವಳು ಮತ್ತೆ ಬಿದ್ದಳು, ಒಮ್ಮೆಯಲ್ಲ, ಎರಡು ಸಲ. ಸೊಂಟ ಮುರಿಯಲಿಲ್ಲ. ಪುಡಿಯ ಮಹಿಮೆಯೋ, ಬೀಳುವಾಗ ನನ್ನ ಮೇಲೆಯೇ ಬಿದ್ದುದರ ಫಲವೋ, ಹೇಳಲಾರೆ.

ಆದರೆ ಅದಕ್ಕೂ ಮೊದಲು, ಆ ಆಷಾಢಕ್ಕೆ ಮುಂಚೆ ಮೂಡಿಗೆರೆಯಲ್ಲಿ ಮದುವೆ ನಡೆಯಿತು. ಅವಳೇ ಹಾಡಿದಳು. ಗಂಡಿನ ತಂದೆಯ ಬೋಳುತಲೆಯಿಂದ ಹಿಡಿದು ಸೋದರಮಾವನ ಗೊರಕೆಯವರೆಗೆ ಯಾರನ್ನೂ ಬಿಡಲಿಲ್ಲ. ಸೋತ ಬೀಗರು ಪಂಕ್ತಿಯಿಂದಲೇ ಕೂಗಿದರು: “ನಮ್ಮನ್ನಾಯ್ತು ಅಮ್ಮಾ, ನಿಮ್ಮ ಯಜಮಾನರ ಮೇಲೂ ಒಂದು ಹೇಳಿ ನೋಡುವ!” ನಾನು ಹೋಳಿಗೆಯನ್ನು ಅರ್ಧ ಬಾಯಿಗಿಟ್ಟಿದ್ದೆ. ಅವಳು ಒಂದು ಉಸಿರೂ ಯೋಚಿಸಲಿಲ್ಲ.

ಮೂರು ನೀರಲಿ ತೊಳೆದ ಪಂಡಿತರ ನೋಡಿರೇ,
ಮಂತ್ರಕ್ಕೆ ಸುಣ್ಣ ಕರಗೀತೆ?
ಹುಳಿಗೆ ಕರಗಿದ ಸುಣ್ಣವ ಹೆಂಡತಿಯ ಹೆಸರಲ್ಲಿ
ಬಸ್ಸಿಗೆ ಹೊತ್ತು ನಡೆದಾರೆ!

ಬೀಗರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಅರ್ಥವಾದ ನೆರೆಮನೆಯ ಸೊಸೆ ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು ನಕ್ಕಳು. ಬೈಸಿಕೊಂಡವರು ನಗಬೇಕೆಂಬುದು ನಿಯಮವಾದ್ದರಿಂದ ನಾನೂ ನಕ್ಕೆ. ಸ್ವಲ್ಪ ಹೊತ್ತಿನ ನಂತರ ನಿಯಮವಿಲ್ಲದೆಯೂ ನಕ್ಕೆ.

ಸುಣ್ಣವನ್ನು ಕದಡಿದ ಕೈಗಳಿಗೆ ಬಲವಿರಲಿ. ತಪ್ಪನ್ನು ತನ್ನ ತಲೆಯ ಮೇಲೂ ಎಳೆದುಕೊಂಡ ವೈದ್ಯರಿಗೆ ದೀರ್ಘಾಯುಸ್ಸಿರಲಿ. ನನ್ನ ಜುಟ್ಟನ್ನು ನೋಡಿ ನಂಬಿ ಕೆಟ್ಟ ಆ ಹುಡುಗಿ ಮುಂದೆ ಯಾರ ಜುಟ್ಟನ್ನೂ ನಂಬದಿರಲಿ, ಸುಖವಾಗಿರಲಿ. ಒಂದು ಸೀಸೆ ಕೇಳಿದ ರೈಟರಿಗೆ ನಿಜವಾದ ಜೇನೇ ಸಿಗಲಿ. ಮುಂದೆ ನಡೆದ ಬಸ್ಸಿನವರೂ, ನಮ್ಮ ಜಗಳ ಕೇಳುತ್ತ ದೋಸೆ ತಣ್ಣಗಾಗಿಸಿಕೊಂಡವರೂ ಕ್ಷೇಮವಾಗಿರಲಿ. ನನ್ನನ್ನು ಬೈಯುವ ಆ ಕಂಠ ನನಗಿಂತ ಒಂದು ದಿನವಾದರೂ ಹೆಚ್ಚು ಬಾಳಲಿ. ಓದಿದ ನಿಮಗೆಲ್ಲರಿಗೂ ಒಳಗೆ ಬರಬೇಕಾದದ್ದು ಬರಲಿ, ಹೊರಗೆ ಹೋಗಬೇಕಾದದ್ದು ಸರಾಗವಾಗಿ ಹೋಗಲಿ. ಶುಭವಾಗಲಿ.